ಫೋನಿನಲ್ಲಿ ಸಿಕ್ಕ ಗಂಡ

ವಿಸ್ತಿನ್ ಬುಹಾಜಾರ್‌ನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಮರಳು ಹಿಂಡಿ ಎಣ್ಣೆ ತೆಗೆಯುವುದು ಸುಲಭ ಎಂದು ಆಸ್ಟ್ರೇಲಿಯಾದ ಮಕಾಯ್ ಊರಿನ ಸುತ್ತಮುತ್ತಲಿನ ಮಾಲ್ಟಾದವರೆಲ್ಲ ಹೇಳುತ್ತಿದ್ದರು. ಅವನ ಅಪ್ಪನೂ ಹಾಗೇ, ಅಣ್ಣಂದಿರೂ ಹಾಗೇ. ಕಬ್ಬು ಕಡಿಯಲು ಹಡಗು ಹತ್ತಿ ಬಂದಾಗ ಆ ಮನೆತನ ನಾಲಿಗೆಯನ್ನು ಮಾಲ್ಟಾ ದ್ವೀಪದಲ್ಲೇ ಮರೆತು ಬಂತು ಎಂದು ಪಕ್ಕದ ಜಮೀನಿನ ಚೆತ್ತಾ ನಗುತ್ತಿದ್ದಳು.

ಜೀಸಾ ಅವನನ್ನು ಮದುವೆಯಾದ ಹೊಸದರಲ್ಲಿ ಇದಕ್ಕಾಗಿ ಅತ್ತಳು. ಆಮೇಲೆ ಜಗಳವಾಡಿದಳು. ಮಗಳು ಲೂಸಿ ಹುಟ್ಟಿ, ಬೆಳೆದು, ಟೌನ್ಸ್‌ವಿಲ್‌ನಲ್ಲಿ ಸಂಸಾರ ಹೂಡುವ ಹೊತ್ತಿಗೆ ಕೋಳಿಗಳ ಜೊತೆ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಳು. ಗಂಡನಲ್ಲಿ ಬೇರೆ ದೋಷ ಹುಡುಕಿದರೂ ಸಿಗುತ್ತಿರಲಿಲ್ಲ. ಕುಡಿದು ಬಂದವನಲ್ಲ, ಕೈ ಎತ್ತಿದವನಲ್ಲ. ಭಾನುವಾರ ಚರ್ಚಿಗೆ ಹೋಗುವ ಮುಂಚೆ ಅವಳ ಚಪ್ಪಲಿಯನ್ನೂ ತನ್ನ ಬೂಟಿನ ಜೊತೆ ಒರೆಸಿಡುತ್ತಿದ್ದ. ಆದರೆ ಅದನ್ನು ಮಾಡಿದೆ ಎಂದು ಕೂಡ ಹೇಳುತ್ತಿರಲಿಲ್ಲ.

ಅವನಿಗೆ ರಕ್ತದ ಕ್ಯಾನ್ಸರ್ ಬಂತು. ಮಕಾಯ್ ಆಸ್ಪತ್ರೆಯವರು ಕೊಟ್ಟ ಔಷಧಿ ಒಂದಷ್ಟು ಕಾಲ ಹಿಡಿಯಿತು, ಬಿಟ್ಟಿತು. ಇನ್ನೊಂದು ಕೊಟ್ಟರು. ಅದೂ ಸೋತಿತು. ಕೊನೆಗೆ ಬ್ರಿಸ್ಬೇನಿನ ವೈದ್ಯೆಯೊಬ್ಬಳು, ಇನ್ನೂ ಹೆಸರಿಡದ, ಬರೀ ನಂಬರಿನಿಂದ ಕರೆಯುವ ಹೊಸ ಔಷಧಿಯೊಂದರ ಪ್ರಯೋಗ ನಡೆಯುತ್ತಿದೆ, ಅಲ್ಲೇ ಉಳಿದರೆ ಸೇರಿಸಿಕೊಳ್ಳಬಹುದು ಎಂದಳು. ಹಿಂದಿರುಗುವಾಗ ದಾರಿಯುದ್ದಕ್ಕೂ ವಿಸ್ತಿನ್ ಆಡಿದ್ದು ಒಂದೇ ಮಾತು: "ಇಲಿಗಳು ಬದುಕಿದ್ವಂತೆ."

ಜೊತೆಗೆ ಹೋಗಲು ಜೀಸಾಗೆ ಆಗಲಿಲ್ಲ. ಅಲ್ಲಿ ರೋಗಿಗಳಿಗೆ ಬಿಟ್ಟರೆ ಬೇರೆಯವರಿಗೆ ಇರಲು ಜಾಗವಿರಲಿಲ್ಲ. ಇತ್ತ ಸಕ್ಕರೆ ಕಾರ್ಖಾನೆ ಕಬ್ಬು ಅರೆಯಲು ಶುರುಮಾಡಿತ್ತು. ಅವರ ಕಟಾವಿನ ಸರದಿ ಬಂದಾಗ ಮನೆಯಲ್ಲಿ ಯಾರಾದರೂ ಇರಲೇಬೇಕು. "ನೀನಿರು," ಎಂದ ವಿಸ್ತಿನ್. ಅವಳೇ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದಳು. ಮನೆಯ ಟ್ರಕ್ಕಿನ ಸ್ಟೀರಿಂಗ್ ಅವಳ ಕೈಗೆ ಸಿಕ್ಕಿದ್ದು ಅದೇ ಮೊದಲು.

ಮೊದಲ ದಿನಗಳ ಫೋನು ಹೊಲದ ವಿಷಯದಲ್ಲೇ ಮುಗಿಯುತ್ತಿತ್ತು. ಪಂಪು ನಿಂತಿದೆ, ಏನು ಮಾಡಲಿ ಎಂದರೆ ಅವನು ಯಾವ ಬೋಲ್ಟು ಬಿಚ್ಚಬೇಕು ಎಂದು ಹೇಳುತ್ತಿದ್ದ. ಕಾರ್ಖಾನೆಯ ಪುಟ್ಟ ರೈಲು ಕಬ್ಬು ತುಂಬುವ ಬಂಡಿಗಳನ್ನು ಬಿಟ್ಟು ಹೋಯಿತೇ, ನೆಲ ಒಣಗಿದೆಯೇ ಎಂದು ಕೇಳುತ್ತಿದ್ದ. ಆಮೇಲೆ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಅವನೇ ಅಂದ:

"ಜೀಸಾ, ಇಲ್ಲಿ ಕಿಟಕಿಯಿಂದ ಏನು ಕಾಣುತ್ತೆ ಗೊತ್ತಾ?"

"ಏನು?"

"ಒಂದು ಗೋಡೆ. ಅದರ ಮೇಲೊಂದು ಪಾರಿವಾಳ. ದಿನಾ ಅದೇ ಪಾರಿವಾಳ. ನಮ್ಮಪ್ಪನ ಥರಾನೇ ಕೂತಿರುತ್ತೆ, ಹೊಟ್ಟೆ ಮುಂದೆ ಬಿಟ್ಕೊಂಡು."

ಜೀಸಾ ರಿಸೀವರನ್ನು ಕಿವಿಯಿಂದ ತೆಗೆದು ನೋಡಿದಳು. ಬೇರೆ ಯಾರಾದರೂ ಲೈನಿಗೆ ಬಂದರೇ ಎಂಬ ಅನುಮಾನ. ಮತ್ತೆ ಕಿವಿಗಿಟ್ಟಾಗ ಅವನು ಇನ್ನೂ ಹೇಳುತ್ತಲೇ ಇದ್ದ.

ಅಲ್ಲಿ ಅವನ ಕೈಗೆ ಕೆಲಸವಿರಲಿಲ್ಲ. ಔಷಧಿ ಏರಿಸುತ್ತಿದ್ದರು, ರಕ್ತ ತೆಗೆಯುತ್ತಿದ್ದರು, ನಡುವೆ ಸುಮ್ಮನೆ ಮಲಗಿರಬೇಕು. ಬದುಕಿಡೀ ದುಡಿದ ಕೈ ಸುಮ್ಮನಾದಾಗ ಬಾಯಿ ತೆರೆಯಿತೋ ಏನೋ. ರಕ್ತ ತೆಗೆಯುವ ನರ್ಸು ತನ್ನನ್ನು ತಾತ ಅನ್ನುತ್ತಾಳೆ ಎಂದು ಹೇಳಿದ. ಆಸ್ಪತ್ರೆಯ ಬ್ರೆಡ್ಡು ಹಲ್ಲಿಗಂಟುವ ಹತ್ತಿ ಎಂದ. ದಿನ ಹೋದಂತೆ ಮಾತು ಹಿಂದಕ್ಕೆ ಹೊರಳಿತು. ಅವಳನ್ನು ಮೊದಲು ನೋಡಿದ್ದು ಅವಳು ಅಂದುಕೊಂಡಂತೆ ಸಂತ ಪೌಲನ ಹಬ್ಬದ ಕುಣಿತದಲ್ಲಿ ಅಲ್ಲವೇ ಅಲ್ಲ, ಅದಕ್ಕೂ ಮುಂಚೆ ಬಟ್ಟೆ ಅಂಗಡಿಯಲ್ಲಿ. ಅವಳು ಅಂಗಡಿಯವನ ಜೊತೆ ಗುಂಡಿಯ ಬಣ್ಣಕ್ಕಾಗಿ ಜಗಳವಾಡುತ್ತಿದ್ದಳು, ತಾನು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದೆ ಎಂದ.

"ಹಾಗಾದ್ರೆ ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲ."

"ಅಯ್ಯೋ ಪಾಪಿ! ನೀನು ಬಟ್ಟೆ ಅಂಗಡೀಲಿ ನಿಂತಿದ್ದೆ ಅಂತ ನಾನು ಕನಸು ಕಾಣ್ಬೇಕಿತ್ತಾ?"

ಅವನು ನಕ್ಕ. ಆ ನಗು ಕೇಳುವ ಆಸೆಗೇ ಜೀಸಾ ಬೆಳಗಿನಿಂದ ಮಾತು ಕೂಡಿಡತೊಡಗಿದಳು. ಕೋಳಿಗೂಡಿಗೆ ಹಾವು ನುಗ್ಗಿದ್ದು, ಬಾವಲಿಗಳು ಮಾವಿನ ಹೂವನ್ನೆಲ್ಲ ಕೆಡವಿದ್ದು, ಚೆತ್ತಾಳ ಮಗ ಕಟಾವಿನ ಯಂತ್ರವನ್ನು ಬೇಲಿಗೆ ಗುದ್ದಿದ್ದು, ಎಲ್ಲವನ್ನೂ. ಫೋನು ಬರುವ ಹೊತ್ತಿಗೆ ಮುಖ ತೊಳೆದು, ತಲೆ ಬಾಚಿ, ಲಿಪ್‌ಸ್ಟಿಕ್ಕನ್ನೂ ಹಚ್ಚಿಕೊಳ್ಳುತ್ತಿದ್ದಳು. ಒಂದು ದಿನ ಮೊಟ್ಟೆಗೆಂದು ಬಂದ ಚೆತ್ತಾ ಅದನ್ನು ನೋಡಿದಳು.

"ಏನೇ ಇದು? ಗಂಡ ಆಸ್ಪತ್ರೇಲಿ, ಇಲ್ಲಿ ನಿನಗೆ ಶೃಂಗಾರ! ಯಾರೇ ಅವನು?"

"ಒಬ್ಬ ಇದಾನೆ. ತುಂಬ ಚೆನ್ನಾಗಿ ಮಾತಾಡ್ತಾನೆ."

"ಹಾಗಾದ್ರೆ ವಿಸ್ತಿನ್ ಅಂತೂ ಅಲ್ಲ ಬಿಡು," ಎಂದಳು ಚೆತ್ತಾ. ಇಬ್ಬರೂ ಸಿಂಕಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಔಷಧಿ ಹಿಡಿದಿತ್ತು ಕೂಡ. ರಕ್ತದಲ್ಲಿ ಕಾಯಿಲೆ ಇಳಿಯುತ್ತಿದೆ ಎಂದು ವೈದ್ಯರು ಹೇಳಿದ್ದರು. ಜೀಸಾ ಮುಂದಿನದನ್ನು ಯೋಚಿಸತೊಡಗಿದಳು: ಅವನು ಬಂದ ಮೇಲೆ ಸಂಜೆ ಜಗುಲಿಯಲ್ಲಿ ಕುಳಿತು ಇಬ್ಬರೂ ಹೀಗೇ ಮಾತಾಡುವುದು. ಅದಕ್ಕೆಂದೇ ಎರಡು ಬೆತ್ತದ ಕುರ್ಚಿಗಳನ್ನು ಒರೆಸಿ ಎದುರುಬದುರು ಹಾಕಿದಳು.

ಕಟಾವು ಮುಗಿಯುವ ಹೊತ್ತಿಗೆ ಕಾಯಿಲೆ ಮರಳಿತು. ಈ ಸಲ ಹೊಸ ಔಷಧಿಯನ್ನೂ ದಾಟಿಕೊಂಡು ಬಂತು. ಪ್ರಯೋಗದಿಂದ ಕೈಬಿಟ್ಟು ಅವನನ್ನು ಮನೆಗೆ ಕಳಿಸಿದರು. ನೀಲಿ ಉಡುಪು ಉಟ್ಟು ನಿಲ್ದಾಣದಲ್ಲಿ ನಿಂತಿದ್ದ ಜೀಸಾ, ಗಾಲಿಕುರ್ಚಿಯಲ್ಲಿ ಬಂದ ಸೊರಗಿದ ಮುದುಕನನ್ನು ಒಂದು ಗಳಿಗೆ ಗುರುತಿಸಲಿಲ್ಲ. ಅವನು ಅವಳನ್ನು ನೋಡಿ, ಕಣ್ಣು ಬೇರೆಡೆಗೆ ತಿರುಗಿಸಿ, "ಟ್ರಕ್ಕಿಗೆ ಆಯಿಲ್ ಹಾಕ್ಸಿದ್ಯಾ?" ಎಂದ.

ಅಷ್ಟೇ. ಮನೆ ತಲುಪುವವರೆಗೂ ಇನ್ನೊಂದು ಮಾತಿಲ್ಲ. ಮರುದಿನವೂ ಇಲ್ಲ. ಬೆತ್ತದ ಕುರ್ಚಿಯಲ್ಲಿ ಕೂತು ಕೊಯ್ದು ಬೋಳಾದ ಹೊಲ ನೋಡುತ್ತಿದ್ದ. ಅವಳು ಎದುರು ಕೂತರೆ ಹೂಂ ಅಥವಾ ಊಹೂಂ. ಮೊಲದ ಮಾಂಸ ಬೇಯಿಸಿ ಬಡಿಸಿದಳು, ಆ ಬಟ್ಟೆ ಅಂಗಡಿಯ ಮಾತು ಎತ್ತಿದಳು, ಪಾರಿವಾಳದ ಬಗ್ಗೆ ಕೇಳಿದಳು. ಅವನು ತಟ್ಟೆ ನೋಡಿದ. ಜೀಸಾ ಹಿತ್ತಲಿಗೆ ಹೋಗಿ ಒಣಹಾಕಿದ ಹಾಸಿಗೆಬಟ್ಟೆಯಲ್ಲಿ ಮುಖ ಹುದುಗಿಸಿ ಅತ್ತಳು. ಸಾಯುವ ಗಂಡನಿಗಾಗಿ ಅಳಬೇಕಾದ ಕಣ್ಣೀರು ಬ್ರಿಸ್ಬೇನಿನಲ್ಲೇ ಉಳಿದುಹೋದ ಇನ್ನೊಬ್ಬನಿಗಾಗಿ ಹರಿಯುತ್ತಿದೆಯಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

"ಫೋನಲ್ಲಿ ಮಾತಾಡಿದ್ನಲ್ಲ, ಅವನೆಲ್ಲಿ? ಅವನನ್ನ ಕಳಿಸಿಕೊಡು. ನೀನು ಬೇಡ ನನಗೆ."

ವಿಸ್ತಿನ್ ನಿಧಾನವಾಗಿ ಹೇಳಿದ:

"ಅಲ್ಲಿಂದ ನಿನ್ನ ಮುಖ ಕಾಣ್ತಿರ್ಲಿಲ್ಲ ಜೀಸಾ. ಇಲ್ಲಿ ನಿನ್ನ ಮುಖ ನೋಡಿದ್ರೆ ನನ್ನ ಸ್ಥಿತಿ ಎಷ್ಟು ಕೆಟ್ಟಿದೆ ಅಂತ ಗೊತ್ತಾಗುತ್ತೆ. ಬಾಯಿ ಕಟ್ಟಿಹೋಗುತ್ತೆ."

ಅವಳು ಒಳಗೆ ಹೋದಳು. ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಅದನ್ನು ತಿದ್ದಲು ಅವಳಿಗೆ ದಾರಿ ತೋಚಲಿಲ್ಲ. ಲೂಸಿ ಕೊಡಿಸಿದ್ದ ಮೊಬೈಲು ಎತ್ತಿಕೊಂಡು ಟ್ರ್ಯಾಕ್ಟರ್ ನಿಲ್ಲಿಸುವ ಕೊಟ್ಟಿಗೆಗೆ ನಡೆದು, ಅಲ್ಲಿಂದ ಮನೆಗೆ ಫೋನು ಮಾಡಿದಳು. ಅದು ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದಳು. ಅವನು ಗೋಡೆ ಹಿಡಿದು ನಡೆದು ಬಂದಿರಬೇಕು, ಏದುಸಿರು ಕೇಳಿಸಿತು.

"ಯಾರು?"

"ನಾನು. ಬ್ರಿಸ್ಬೇನಿಂದ."

ಅವಳು ಕಣ್ಣು ಮುಚ್ಚಿ ಕಾದಳು.

"ಅಲ್ಲಿ ಊಟ ಹೇಗಿದೆ?" ಎಂದು ಕೇಳಿದ ವಿಸ್ತಿನ್.

"ಬ್ರೆಡ್ಡು ಹತ್ತಿ ಥರ ಇದೆ. ಅಲ್ಲೇನು ಸಮಾಚಾರ?"

"ಇಲ್ಲಿ ನನ್ನ ಹೆಂಡತಿ ಸಿಟ್ಟು ಮಾಡ್ಕೊಂಡಿದಾಳೆ. ಅವಳದ್ದೇನೂ ತಪ್ಪಿಲ್ಲ."

ಅಲ್ಲಿಂದ ಮುಂದೆ ಮಧ್ಯಾಹ್ನಗಳು ಹಾಗೇ ನಡೆದವು. ಸಾವಿನ ಭಯದ ಬಗ್ಗೆಯೂ ಅವನು ಹೇಳಿದ್ದು ಆ ಫೋನಿನಲ್ಲೇ. ಮಳೆಗಾಲ ಇಳಿದು ಕೊಟ್ಟಿಗೆಯ ತಗಡು ಸದ್ದು ಮಾಡತೊಡಗಿದಾಗ "ಏನೇ ಅದು ಸದ್ದು?" ಎನ್ನುತ್ತಿದ್ದ, "ಇಲ್ಲೂ ಮಳೆ," ಎನ್ನುತ್ತಿದ್ದಳು. ಮನೆಯೊಳಗೆ ಅವನಿಗೆ ಸ್ನಾನ ಮಾಡಿಸುವಾಗ, ಬಟ್ಟೆ ಬದಲಿಸುವಾಗ ಇಬ್ಬರೂ ಮಾತಾಡುತ್ತಿರಲಿಲ್ಲ.

ಕೊನೆಯ ವಾರ ರಿಸೀವರು ಹಿಡಿಯುವ ಶಕ್ತಿ ಅವನಿಗಿರಲಿಲ್ಲ. ಲೂಸಿ ಬಂದು ಅದನ್ನು ಅಪ್ಪನ ಕಿವಿಗೆ ಹಿಡಿದಳು; ಜೀಸಾ ಕೊಟ್ಟಿಗೆಯಿಂದ ತಾನೊಬ್ಬಳೇ ಮಾತಾಡಿದಳು. ಒಂದು ಮಧ್ಯಾಹ್ನ ಮಾತಿನ ನಡುವೆ ಲೂಸಿಯ ದನಿ ಬಂತು. "ಅಮ್ಮಾ, ಒಳಗೆ ಬಾ. ಅಪ್ಪ ಫೋನು ತಳ್ತಿದಾರೆ. ನೀನು ಬೇಕಂತೆ."

ಅವಳು ಮಳೆಯಲ್ಲೇ ಓಡಿ ಬಂದಳು. ವಿಸ್ತಿನ್ ಅವಳ ಮುಖವನ್ನೇ ನೋಡಿದ. ಕಣ್ಣು ತಿರುಗಿಸಲಿಲ್ಲ. ಅವನ ತುಟಿ ಅಲುಗಿತು, ಶಬ್ದ ಬರಲಿಲ್ಲ. ಅವಳೂ ತನ್ನ ಮುಖವನ್ನು ಮರೆಮಾಡಲಿಲ್ಲ. ಇದ್ದ ದುಃಖವೆಲ್ಲ ಇದ್ದ ಹಾಗೇ ಅವನಿಗೆ ಕಾಣಲಿ ಎಂದು ಬಾಗಿ ಕೂತಳು. ಮರುದಿನ ಸಂಜೆಯೊಳಗೆ ಅವನು ಹೋದ. ಹಳ್ಳ ತುಂಬಿ ದಾರಿ ಮುಳುಗಿತ್ತು. ಪಾದ್ರಿ ಬಂದು ತಲುಪಿದ್ದು ನೀರು ಇಳಿದ ಮೇಲೆ.

ಮಣ್ಣು ಮಾಡಿದ ಮೇಲೆ ಚೆತ್ತಾ ದಿನಾ ಬಂದು ಕೂರುತ್ತಿದ್ದಳು. "ನಲವತ್ತು ವರ್ಷ ಬಾಳಿದ್ರಲ್ಲೇ. ಅಷ್ಟಾದ್ರೂ ಸಿಕ್ತು ಅಂದ್ಕೋ," ಎಂದಳು ಒಮ್ಮೆ, ಅವರೆಕಾಯಿ ಬಿಡಿಸುತ್ತ.

ತನಗೆ ಸಿಕ್ಕಿದ್ದು ನಲವತ್ತು ವರ್ಷವಲ್ಲ, ಫೋನಿನ ಆ ಕೆಲವು ತಿಂಗಳು ಎಂದು ಹೇಳಹೋಗಿ ಜೀಸಾ ಇನ್ನೊಂದು ಕಾಯಿ ಎತ್ತಿಕೊಂಡಳು. ಕೊಯ್ದ ಕಬ್ಬು ಮತ್ತೆ ಮೊಣಕಾಲೆತ್ತರಕ್ಕೆ ಚಿಗುರಿತ್ತು. ಜಮೀನನ್ನು ಗುತ್ತಿಗೆಗೆ ಹಿಡಿದ ಚೆತ್ತಾಳ ಮಗ ಅದಕ್ಕೆ ಗೊಬ್ಬರ ಹಾಕುತ್ತಿದ್ದ. ಇಬ್ಬರೂ ಬುಟ್ಟಿ ಬರಿದಾಗುವವರೆಗೆ ಕಾಯಿ ಬಿಡಿಸಿದರು.