ಇಂಥವರನ್ನು ಕಂಡರೆ ಮಾಹಿತಿ ನೀಡಿ

ಕಳೆದ ತಿಂಗಳು ಗುಂಡ್ಲುಪೇಟೆ ಹತ್ತಿರದ ಬೇಗೂರಿನಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಶಾಮಿಯಾನದ ಹಿಂದೆ ಅಡುಗೆಯವರು ದೊಡ್ಡ ಒಲೆ ಹಚ್ಚುತ್ತಿದ್ದರು. ಸೌದೆ ಹಸಿಯಾಗಿತ್ತೇನೋ, ಬೇಗ ಹತ್ತಿಕೊಳ್ಳಲಿ ಎಂದು ಒಂದು ಹಿಡಿ ಒಣ ಲಂಟಾನದ ಪುಳ್ಳೆ ತುರುಕಿದರು. ಅದು ಚಟಪಟ ಎಂದು ಹೊತ್ತಿಕೊಂಡು, ಆ ಕಟು ವಾಸನೆಯ ಹೊಗೆ ಮೂಗಿಗೆ ಬಡಿಯಿತು. ಅಷ್ಟೇ. ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ ನಾನು ಹನ್ನೆರಡು ವರ್ಷ ಹಿಂದಕ್ಕೆ, ಒಂದು ಶಾಲೆಯ ಅಡುಗೆ ಕೋಣೆಯ ಬಾಗಿಲಿಗೆ ಹೋಗಿಬಿಟ್ಟೆ...

ಬೇಗೂರಿನಿಂದ ಕಾಡಿನ ಕಡೆಗೆ ಒಳಹೊಕ್ಕರೆ ಸಿಗುವ ಊರು ಅದು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ನಾನು ಮೂರನೇ ಕ್ಲಾಸಿನ ಮೇಷ್ಟ್ರಾಗಿದ್ದೆ. ಅಲ್ಲಿ ಬಿಸಿಯೂಟಕ್ಕೆ ಅಡುಗೆಯವರೊಬ್ಬರಿದ್ದರು. ಮಕ್ಕಳು ‘ಅಡುಗೆಯಮ್ಮ’ ಅನ್ನುತ್ತಿದ್ದವು, ನಾವೂ ಹಾಗೇ ಅನ್ನುತ್ತಿದ್ದೆವು. ಐವತ್ತರ ಆಸುಪಾಸು, ಗಂಡ ಇಲ್ಲ, ಮಗ ಕೂಲಿಗೆ ಹೋಗುತ್ತಿದ್ದ. ಆಕೆಗೆ ಓದು ಬರಹ ಬಾರದು. ಆದರೆ ಯಾವ ಮಗು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ ಎಂದು ಮುಖ ನೋಡಿಯೇ ಹೇಳುತ್ತಿದ್ದರು. ಅಂಥ ಮಗುವಿಗೆ ಹನ್ನೊಂದು ಗಂಟೆಗೇ ಒಂದು ಲೋಟ ಗಂಜಿ ಸಿಗುತ್ತಿತ್ತು. ಅದೂ ನಿಯಮಕ್ಕೆ ವಿರುದ್ಧವೇ ಇರಬೇಕು. ಮೇಲಿನವರಿಗೆ ಗೊತ್ತಾಗಿದ್ದರೆ ಅದಕ್ಕೂ ಒಂದು ಎಚ್ಚರಿಕೆಯ ಪೋಸ್ಟರ್ ಬರುತ್ತಿತ್ತು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಶಾಲೆಗೆ ಗ್ಯಾಸ್ ಸಿಲಿಂಡರ್ ಬರುವುದು ನಿಂತುಹೋಯಿತು. ಯಾಕೆಂದು ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು. ಹೆಡ್ ಮೇಷ್ಟ್ರು ನನ್ನ ಎದುರೇ ಆಕೆಯನ್ನು ಕರೆದು, “ಎಂಗೋ ಅಡ್ಜಸ್ಟ್ ಮಾಡ್ಕಳಮ್ಮ, ಮಕ್ಳು ಅಸ್ಕಂಡಿರ್ತವೆ” ಎಂದರು. ಆಕೆ ಅಡ್ಜಸ್ಟ್ ಮಾಡಿಕೊಂಡರು. ದಿನಾ ಬೆಳಿಗ್ಗೆ ಕಾಡಂಚಿಗೆ ಹೋಗಿ ಒಂದು ಹೊರೆ ಒಣ ಲಂಟಾನ ತರುವುದು, ಅಡುಗೆ ಕೋಣೆಯ ಹಿಂದೆ ಮೂರು ಕಲ್ಲಿಟ್ಟು ಅಷ್ಟೂ ಮಕ್ಕಳಿಗೆ ಅನ್ನ ಸಾರು ಬೇಯಿಸುವುದು. ಲಂಟಾನವೆಂದರೆ ಕಾಡಿಗೆ ಹಿಡಿದ ಪೀಡೆ. ಅದನ್ನು ಕಿತ್ತು ಹಾಕಲು ಕೂಲಿ ಕೊಟ್ಟು ಜನರನ್ನು ಇಟ್ಟುಕೊಳ್ಳುತ್ತಾರೆ. ಈಕೆ ಕೂಲಿಯಿಲ್ಲದೆ ಆ ಕೆಲಸ ಮಾಡುತ್ತಿದ್ದರು.

ಒಂದು ದಿನ ಹೊರೆ ಹೊತ್ತು ಬರುವಾಗ ಜೀಪೊಂದು ಎದುರಾಯಿತಂತೆ. ಯಾವ ಇಲಾಖೆ ಎಂದು ಹೇಳಿ ಈಗೇನೂ ಆಗಬೇಕಾಗಿಲ್ಲ. ಇಳಿದವರು ಬೈಯಲಿಲ್ಲ, ಹೊರೆ ಕಿತ್ತುಕೊಳ್ಳಲಿಲ್ಲ. ನಿಲ್ಲಮ್ಮ, ಒಂದು ಫೋಟೊ ಎಂದರಂತೆ. ಶಾಲೆಗೆ ಬಂದವರೇ ಆಕೆ ಖುಷಿಯಿಂದ ನನಗೆ ಹೇಳಿದರು: “ಸೆರಗು ಸರಿ ಮಾಡ್ಕಂಡು ನಿಂತ್ಕಂಡೆ ಕಣ್ ಸಾ. ನನ್ ಮದ್ವೇಲೂ ಯಾರೂ ಪೋಟ ತೆಗ್ದಿರ್ನಿಲ್ಲ.” ಸಿಲಿಂಡರ್ ಇಲ್ಲದೆ ಒದ್ದಾಡುತ್ತಿರುವುದನ್ನು ಮೇಲಿನವರಿಗೆ ತೋರಿಸಲು ಫೋಟೊ ತೆಗೆದಿದ್ದಾರೆ ಎಂದು ಆಕೆ ತಿಳಿದಿದ್ದರು. ನಾನೂ ಹಾಗೇ ಇರಬಹುದು ಅಂದುಕೊಂಡೆ.

ಇಪ್ಪತ್ತು ದಿನ ಕಳೆಯಿತು. ಜಾಗೃತಿ ಸಪ್ತಾಹವೆಂದು ಯಾರೋ ಬಂದು ಶಾಲೆಯ ಗೇಟಿಗೇ ಒಂದು ಫ್ಲೆಕ್ಸ್ ಬಿಗಿದು ಹೋದರು. ಆಳೆತ್ತರ. ಅದರ ತುಂಬ ಅಡುಗೆಯಮ್ಮ... ತಲೆಯ ಮೇಲೆ ಹೊರೆ, ಸರಿ ಮಾಡಿಕೊಂಡ ಸೆರಗು, ನಗುಮುಖ. ಹೊರೆಯ ಮೇಲೆ ಅಡ್ಡಡ್ಡ ಎರಡು ಕೆಂಪು ಗೀಟು. ಕೆಳಗೆ ಹೀಗೆ ಬರೆದಿತ್ತು: ‘ಎಚ್ಚರಿಕೆ! ಕಾಡಿನಿಂದ ಸೌದೆ ತರುವುದು ಕಳ್ಳತನ. ಕಳ್ಳತನ ಶಿಕ್ಷಾರ್ಹ ಅಪರಾಧ. ಇಂಥವರನ್ನು ಕಂಡರೆ ಮಾಹಿತಿ ನೀಡಿ.’

ಇಂಥವರು! ಆ ಒಂದು ಮಾತಿಗೆ ನನ್ನ ಮೈ ಇವತ್ತಿಗೂ ಉರಿಯುತ್ತದೆ. ಈ ಪೋಸ್ಟರುಗಳನ್ನು ಬರೆಯುವವರು ಯಾರು? ಅವರಿಗೆ ತಾಯಿ, ಅಕ್ಕ, ಅತ್ತೆ ಯಾರೂ ಇಲ್ಲವೇ? ಗುಂಡ್ಲುಪೇಟೆಯ ಬಸ್ ಸ್ಟಾಂಡಿನಲ್ಲಿ ನೋಡಿ, ಚಾಮರಾಜನಗರದ ಕಚೇರಿ ಗೋಡೆಗಳ ಮೇಲೆ ನೋಡಿ. ಉಗುಳುವವನು, ಕಸ ಎಸೆಯುವವನು, ಟಿಕೆಟ್ ಇಲ್ಲದೆ ಬಸ್ ಹತ್ತುವವನು, ಎಲ್ಲರಿಗೂ ಒಂದೇ ವೇಷ: ಮೊಣಕಾಲಿಗೆ ಕಟ್ಟಿದ ಪಂಚೆ, ಹೆಗಲ ಮೇಲೆ ಟವೆಲ್, ಕಪ್ಪು ಮೈ. ಪಕ್ಕದ ಚಿತ್ರದಲ್ಲಿ ಸರಿಯಾಗಿ ನಡೆದುಕೊಳ್ಳುವವನಿಗೆ ಪ್ಯಾಂಟು, ಕೈಗಡಿಯಾರ, ಬಿಳಿ ಮುಖ. ‘ದಯವಿಟ್ಟು’ ಎಂದು ಬರೆದರೆ ಇವರ ಗಂಟೇನು ಹೋಗುತ್ತದೆ? ತಿಳಿಸಿ ಹೇಳುವ ಧಾಟಿಯೇ ಅಲ್ಲ ಅದು, ಬೀದಿಯಲ್ಲಿ ನಿಲ್ಲಿಸಿ ಗದರಿಸುವ ಧಾಟಿ. ಸಿಲಿಂಡರ್ ಕಳಿಸದವನ ಫೋಟೊ ಯಾವ ಗೇಟಿನ ಮೇಲೂ ಇರಲಿಲ್ಲ. ಅದೇ ಕಾಡಂಚಿನ ರೆಸಾರ್ಟುಗಳಲ್ಲಿ ಪ್ರವಾಸಿಗರಿಗೆ ಮೈ ಕಾಯಿಸಲು ದಿಮ್ಮಿ ದಿಮ್ಮಿ ಉರಿಯುತ್ತಿತ್ತು. ಅಲ್ಲಿ ಅವರ ಫೋಟೊ ಅವರೇ ತೆಗೆದುಕೊಳ್ಳುತ್ತಿದ್ದರು.

ಆ ಫ್ಲೆಕ್ಸ್ ಕಿತ್ತು ಹಾಕುತ್ತೇನೆ ಎಂದು ಹೆಡ್ ಮೇಷ್ಟ್ರ ಹತ್ತಿರ ಹೋದೆ. “ಮುಟ್ಬೇಡಿ ಮೇಷ್ಟ್ರೆ. ಸರ್ಕಾರದ ಬೋರ್ಡು, ಕಿತ್ರೆ ಅದೂ ಕೇಸಾಯ್ತದೆ” ಎಂದರು. ನಾನು ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷ ಆಗಿರಲಿಲ್ಲ. ಬಾಲ ಮುದುರಿಕೊಂಡು ಹೊರಗೆ ಬಂದೆ. ಗೇಟಿನ ಬಳಿ ಅಡುಗೆಯಮ್ಮ ತಮ್ಮ ಚಿತ್ರವನ್ನೇ ನೋಡುತ್ತ ನಿಂತಿದ್ದರು.

“ಏನಂತ ಬರ್ದವ್ರೆ ಸಾ?”

“ಕಾಡು ಉಳಿಸಿ ಅಂತ ಬರ್ದಿದ್ದಾರೆ ಕಣಮ್ಮ.”

“ಮತ್ತೆ ಈ ಕೆಂಪ್ ಗೀಟು?”

“ಅದಾ... ಅದು ಡಿಸೈನು.”

ಆಕೆ ನಂಬಿದರು. ಮೇಷ್ಟ್ರು ಹೇಳಿದ ಮೇಲೆ ನಂಬದೆ ಇರುತ್ತಾರೆಯೇ? ಅವರಿಗೆ ನೋವಾಗಬಾರದೆಂದು ಹಾಗೆ ಹೇಳಿದೆ ಎಂದು ಆವತ್ತು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಸುಳ್ಳು. ಅವರ ಮುಖ ನೋಡಿಕೊಂಡು ಅದನ್ನು ಓದುವ ಧೈರ್ಯ ನನಗಿರಲಿಲ್ಲ.

ನನ್ನ ಕ್ಲಾಸಿನಲ್ಲಿ ಒಂದು ರೂಢಿ ಮಾಡಿದ್ದೆ. ಕಂಡ ಅಕ್ಷರವನ್ನೆಲ್ಲ ಮಕ್ಕಳು ಓದಬೇಕು. ಅಂಗಡಿ ಬೋರ್ಡು, ಬಸ್ಸು, ಗೋಡೆ, ಗೊಬ್ಬರದ ಚೀಲ, ಏನೇ ಇರಲಿ. ಒತ್ತಕ್ಷರ ತಪ್ಪದೆ ಓದಿದವರಿಗೆ ಎಲ್ಲರ ಎದುರು ಶಭಾಷ್. ಅಡುಗೆ ಕೋಣೆ ಗೇಟಿನ ಪಕ್ಕದಲ್ಲೇ ಇತ್ತು. ಮಾರನೆಯ ದಿನ ಅಡುಗೆಯಮ್ಮ ಬಾಗಿಲಲ್ಲಿ ನಿಂತು ಬಡಿಸುತ್ತಿದ್ದರು, ಊಟದ ಸಾಲು ಗೇಟಿನವರೆಗೂ ಬೆಳೆದಿತ್ತು. ತಟ್ಟೆ ಹಿಡಿದ ನನ್ನ ಮೂರನೇ ಕ್ಲಾಸಿನ ಮಕ್ಕಳು ಫ್ಲೆಕ್ಸಿನ ಮೇಲೆ ಬೆರಳಿಟ್ಟು ಓದತೊಡಗಿದವು. ಕಾ...ಡಿ...ನಿಂ...ದ. ಆಮೇಲೆ ಕಳ್ಳತನ. ‘ಶಿಕ್ಷಾರ್ಹ’ಕ್ಕೆ ಬರುವಷ್ಟರಲ್ಲಿ ಎಲ್ಲವೂ ಮುಗ್ಗರಿಸಿದವು. ಒಬ್ಬ ಹುಡುಗಿ ಮಾತ್ರ ಬಿಡದೆ, ಎಲ್ಲೂ ತಪ್ಪದೆ, ಕೊನೆಯ ‘ಮಾಹಿತಿ ನೀಡಿ’ಯವರೆಗೂ ಗಟ್ಟಿಯಾಗಿ ಓದಿ ನನ್ನ ಕಡೆ ತಿರುಗಿದಳು.

“ಸಾ, ಪೂರ್ತಿ ಓದ್ಬುಟ್ಟೆ!”

ಶಭಾಷ್‌ಗಾಗಿ ಕಾಯುತ್ತ ನಿಂತಳು. ನಾನು ಅಡುಗೆ ಕೋಣೆಯ ಬಾಗಿಲ ಕಡೆ ನೋಡಿದೆ.

ಅಡುಗೆಯಮ್ಮನ ಸೌಟು ಒಂದು ಗಳಿಗೆ ನಿಂತಿತು. ಆಮೇಲೆ ಅವರು ಕೊನೆಯ ಮಗುವಿನವರೆಗೂ ಬಡಿಸಿದರು, ಪಾತ್ರೆಗಳನ್ನು ತೊಳೆದು ಬೋರಲು ಹಾಕಿದರು, ಬೀಗದ ಕೈ ತಂದು ನನ್ನ ಮೇಜಿನ ಮೇಲಿಟ್ಟರು. “ಆ ಕೂಸ್ಗೆ ಬಯ್ಬೇಡಿ ಸಾ. ಅದು ಸರ್ಯಾಗೇ ಓದ್ತು” ಎಂದರು. ನನ್ನನ್ನು ಬೇರೇನೂ ಕೇಳಲಿಲ್ಲ. ಕೇಳಿದ್ದರೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು... ಮಾರನೆಯ ದಿನದಿಂದ ಬರಲಿಲ್ಲ. ಕರೆಯಲು ಹೋದ ಹೆಡ್ ಮೇಷ್ಟ್ರಿಗೆ ಬಾಗಿಲು ತೆರೆಯಲಿಲ್ಲವಂತೆ. ನಾನು ಹೋಗಲೇ ಇಲ್ಲ. ಹೊಸ ಅಡುಗೆಯವರು ಬಂದರು, ಅವರ ಹಿಂದೆಯೇ ಸಿಲಿಂಡರೂ ಬಂತು. ಮುಂದಿನ ವರ್ಷ ನನಗೆ ಚಂದಕವಾಡಿಯ ಕಡೆಗೆ ವರ್ಗವಾಯಿತು.

ಗೃಹಪ್ರವೇಶದ ಊಟ ನನಗೆ ಸೇರಲಿಲ್ಲ. ಅಲ್ಲಿಂದಲೇ ಆಟೊ ಹಿಡಿದು ಆ ಊರಿಗೆ ಹೋದೆ. ಅಡುಗೆಯಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಸೊಸೆ ಇದ್ದರು, ಏಳನೇ ಕ್ಲಾಸಿನವರೆಗೆ ಓದಿದ ಹೆಣ್ಣುಮಗಳು. ಕೂರಿಸಿ ನೀರು ಕೊಟ್ಟರು. ನಾನು ಯಾರೆಂದು ಹೇಳಿದೆ. ಆವತ್ತು ಗೇಟಿನ ಬಳಿ ಏನೆಂದು ಓದಿ ಹೇಳಿದ್ದೆ ಎಂಬುದನ್ನೂ ಹೇಳಿದೆ.

“ಅದ್ಕೇ ಏನೋ ಸಾ,” ಎಂದರು. “ನಮ್ಮತ್ತೆ ಯಾವ್ ಕಾಗ್ದನೂ ಯಾರ್ ಕೈಲೂ ಓದಿಸ್ತಿರ್ನಿಲ್ಲ. ಕೊನೆಗೆ ಆಸ್ಪತ್ರೆ ಚೀಟಿನೂವೆ. ಕೊಡತ್ತೆ, ನಾ ಓದೇಳ್ತೀನಿ ಅಂದ್ರೆ, ‘ಬ್ಯಾಡ ಬುಡು ಕಣಮ್ಮಿ, ನೀನೂ ಚೆಂದಾಗೇ ಏಳ್ತೀಯ’ ಅನ್ನೋರು.”

ಫ್ಲೆಕ್ಸ್ ಬರೆಸಿದವರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಆ ಚೀಟಿಯನ್ನು ಓದಿಸದಂತೆ ಮಾಡಿದವರು ಅವರಲ್ಲ. ಕ್ಷಮಿಸಿ ಎನ್ನಲು ಹೋಗಿದ್ದೆ. ಕೇಳಿಸಿಕೊಳ್ಳಬೇಕಾದವರು ಅಲ್ಲಿರಲಿಲ್ಲ.