ಅಮಾವಾಸ್ಯೆ ಕಳೆದು ಕೊಟ್ಟ ಅರ್ಜಿ

ಗುಡ್ಡದಿಂದ ಹೆಕ್ಕಿ ತಂದ ಪುನರ್ಪುಳಿ ಹಣ್ಣನ್ನು ಸೀಳಿ, ಸಿಪ್ಪೆ ಒಂದು ಪಾತ್ರೆಗೆ, ಬೀಜ ಇನ್ನೊಂದಕ್ಕೆ ಹಾಕುತ್ತ ಹಿಂದಿನ ಜಗಲಿಯಲ್ಲಿ ಕೂತಿದ್ದೆ. ಒಲೆಯ ಮೇಲೆ ಕುಚ್ಚಲಕ್ಕಿ ಬೇಯುತ್ತಿತ್ತು. ಮೇಲಿನ ಮನೆಯ ಅಕ್ಕ ಆ ಬಿಸಿಲಿನಲ್ಲಿ ಕೊಡೆ ಕೂಡ ಹಿಡಿಯದೆ ಇಳಿದು ಬಂದರು.

“ಕಲ್ಲಿನ ಕೋರೆಗೆ ಪರ್ಮಿಶನ್ ಆಯ್ತಂತೆ ಮಾರಾಯ್ತಿ,” ಎಂದು ಮೆಟ್ಟಿಲಲ್ಲೇ ಕೂತುಬಿಟ್ಟರು. “ಯಾರದ್ದೂ ಆಕ್ಷೇಪ ಬರ್ಲಿಲ್ಲ ಅಂತ ಬರೆದಿದ್ದಾರಂತೆ. ಹಾಗಾದ್ರೆ ನಾವು ಕೊಟ್ಟದ್ದು ಎಂತ? ಕಸದ ಬುಟ್ಟಿಗೆ ಹಾಕಿರ್ಬೇಕು ಅವರು.”

ನಾನು ಇನ್ನೊಂದು ಹಣ್ಣು ಸೀಳಿದೆ. ಉತ್ತರ ನನಗೆ ಎರಡು ತಿಂಗಳಿನಿಂದ ಗೊತ್ತಿತ್ತು.

ನಮ್ಮದು ಪುತ್ತೂರು ಕಡೆಯ ಸವಣೂರಿನಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿ ಇರುವ ಮನೆಗಳು. ಗುಡ್ಡ ಸರಕಾರದ ರಕ್ಷಿತಾರಣ್ಯ. ಅದರ ನಡುವಿನ ಒರತೆಯಿಂದ ಅಕ್ಕನ ಅಂಗಳಕ್ಕೆ ಪೈಪಿನಲ್ಲಿ ನೀರು ತಾನಾಗಿ ಇಳಿಯುತ್ತದೆ. ಅವರಿಗೆ ಬೇರೆ ನೀರಿಲ್ಲ. ನಮಗೆ ಬಾವಿ ಉಂಟು. ಅದನ್ನು ದೇವರ ದಯೆ ಎಂದೇ ಎಣಿಸಿಕೊಂಡು ಬಂದವಳು ನಾನು. ಬಾವಿ ಇದ್ದುದರಿಂದಲೇ ನನಗೆ ಅಕ್ಕನಷ್ಟು ಅವಸರ ಆಗಲಿಲ್ಲವೋ ಏನೋ ಎಂದು ಈಗ ಅನಿಸುತ್ತದೆ.

ಗುಡ್ಡದ ಒಂದು ಬದಿಯನ್ನು ಕಾಡಿನಿಂದ ಬಿಡಿಸಿ ಕರಿಕಲ್ಲಿನ ಕೋರೆಗೆ ಕೊಡುವ ವಿಚಾರವಿದೆ, ಆಕ್ಷೇಪ ಇದ್ದವರು ಇಂಥ ಶುಕ್ರವಾರದ ಒಳಗೆ ಪುತ್ತೂರಿನ ಕಚೇರಿಗೆ ಬರೆದು ಕೊಡಬೇಕು ಎಂದು ಪಂಚಾಯತಿನ ಗೋಡೆಗೆ ನೋಟೀಸು ಅಂಟಿಸಿದ್ದರು. ಅದನ್ನು ಓದಿ ಅರ್ಜಿ ಬರೆಸಿದ್ದು ಅಕ್ಕ. ಸಹಿಗೆ ಮನೆಮನೆಗೆ ಹೋಗುವಾಗ ಜೊತೆಗೆ ನಾನೂ ಇದ್ದೆ. ಒಬ್ಬರು, “ನಿಮಗೆ ಮನೆಯಲ್ಲಿ ಕೆಲಸ ಇಲ್ವಾ?” ಎಂದು ನಕ್ಕರು. “ಕೆಲಸ ಉಂಟು, ಅದಕ್ಕೆ ನೀರು ಬೇಕಲ್ಲ,” ಎಂದು ಅಕ್ಕ ಪೆನ್ನು ಅವರ ಕೈಗೇ ಕೊಟ್ಟರು. ಅವರೂ ಸಹಿ ಹಾಕಿದರು. ಒಬ್ಬರು ಅಜ್ಜಿ ಹೆಬ್ಬೆಟ್ಟು ಒತ್ತಿ, ಬೆರಳಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು, “ಗುಡ್ಡೆ ಉಳಿದ್ರೆ ಸಾಕು,” ಎಂದರು.

ಅರ್ಜಿಯ ಕವರು ಗುರುವಾರ ಸಂಜೆ ನನ್ನ ಕೈಗೆ ಬಂತು. ಪುತ್ತೂರಿನ ದಾರಿ, ಕಚೇರಿ ಎಲ್ಲ ಬಲ್ಲವಳು ನಾನು ಎಂದು ಅಕ್ಕನಿಗೆ ಧೈರ್ಯ. ಸೋಮವಾರ ಸೋಮವಾರ ಅಲ್ಲಿಯ ದೇವಸ್ಥಾನಕ್ಕೆ ಹೋಗುವುದು ನನ್ನ ಕ್ರಮ.

ಮನೆಗೆ ತಂದು ಪಂಚಾಂಗ ನೋಡಿದರೆ ಶುಕ್ರವಾರ ಅಮಾವಾಸ್ಯೆ. ನಮ್ಮಲ್ಲಿ ಮದುವೆ ಕಾಗದವಾದರೂ ಮೊದಲು ದೇವರ ಎದುರಿಟ್ಟು, ಆಮೇಲೆ ಜನರಿಗೆ ಕೊಡುವುದು. ಇಷ್ಟು ಜನರ ಸಹಿ ಇರುವ ಒಳ್ಳೆಯ ಕೆಲಸಕ್ಕೆ ಅಮಾವಾಸ್ಯೆಯಂದು ಹೊರಡಲು ಮನಸ್ಸು ಬರಲಿಲ್ಲ. ಎರಡನೇ ಶನಿವಾರ, ಆದಿತ್ಯವಾರ ಹೇಗೂ ರಜೆ. ಕಡೆಯ ದಿನ ಎಂದರೆ ಕರೆಂಟು ಬಿಲ್ಲಿನ ಕಡೆಯ ದಿನದ ಹಾಗೆ, ಒಂದೆರಡು ದಿನ ಆಚೀಚೆ ಆದರೂ ತೆಗೆದುಕೊಳ್ಳುತ್ತಾರೆ ಎಂದುಕೊಂಡೆ. ಅಕ್ಕನಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಸೋಮವಾರ ದೇವಸ್ಥಾನದಲ್ಲಿ ಕವರನ್ನು ಹರಿವಾಣದಲ್ಲಿ ಇಟ್ಟಾಗ ಭಟ್ಟರು, “ಯಾರ ಮದುವೆ?” ಎಂದು ಕೇಳಿದರು.

“ಮದುವೆ ಅಲ್ಲ ಭಟ್ರೇ, ಗುಡ್ಡೆಯ ಅರ್ಜಿ.”

ಅವರು ನಗದೆ ಪ್ರಾರ್ಥನೆ ಮಾಡಿ, ಕವರಿನೊಳಗೆ ಒಂದು ಹೂ ಹಾಕಿ ಕೊಟ್ಟರು. ಕಚೇರಿಯ ಗುಮಾಸ್ತರು ಕವರು ಬಿಡಿಸುವಾಗ ಆ ಹೂವಿನ ಎಸಳು ಅವರ ಮೇಜಿನ ಮೇಲೆ ಉದುರಿತು.

“ಅಮ್ಮ, ಇದು ಶುಕ್ರವಾರಕ್ಕೇ ಮುಗಿದಿದೆ. ಫೈಲು ಬೆಳಿಗ್ಗೆ ಮೇಲೆ ಹೋಯ್ತು.”

“ಮೂರು ದಿನ ಅಲ್ವಾ? ನೀವು ಹೇಗಾದ್ರೂ ಅದಕ್ಕೆ ಸೇರಿಸ್ಬೇಕು.”

“ಸೇರಿಸ್ಲಿಕ್ಕೆ ಬರುದಿಲ್ಲ. ಬೇಕಾದ್ರೆ ಒಂದು ಪ್ರತಿಗೆ ಸೀಲ್ ಹಾಕಿ ಕೊಡ್ತೇನೆ. ಲೆಕ್ಕಕ್ಕೆ ಬರುದಿಲ್ಲ, ಹೇಳಿದ್ದೇನೆ.”

ಆ ದಿನದ ತಾರೀಕಿನ ಸೀಲು ಬಿತ್ತು. ದರ್ಬೆಯಲ್ಲಿ ಬಸ್ಸು ಹತ್ತಿದವಳು ನರಿಮೊಗರು ದಾಟುವವರೆಗೂ ಅಕ್ಕನಿಗೆ ಹೇಗೆ ಹೇಳುವುದೆಂದು ಮಾತು ಕೂಡಿಸುತ್ತಿದ್ದೆ. ಅವರು ಬಸ್ಸಿನ ಸ್ಟಾಪಿನಲ್ಲೇ ಕಾದು ನಿಂತಿದ್ದರು. “ಕೊಟ್ಟಿಯಾ?” ಎಂದರು. “ಕೊಟ್ಟೆ,” ಎಂದೆ. ಅಲ್ಲಿಗೆ ಮುಗಿಯಿತು. ಅದು ಸುಳ್ಳಲ್ಲ ಎಂದು ದೇವರ ಎದುರು ದೀಪ ಹಚ್ಚುವಾಗಲೆಲ್ಲ ನನಗೆ ನಾನೇ ಹೇಳಿಕೊಂಡೆ.

ಆದರೆ ಈಗ ಕಚೇರಿಯವರನ್ನು ಬೈಯುತ್ತ ಮೆಟ್ಟಿಲಲ್ಲಿ ಕೂತವರ ಎದುರು ಅದು ನಡೆಯಲಿಲ್ಲ.

“ಅವರು ಬಿಸಾಡ್ಲಿಲ್ಲ ಅಕ್ಕ. ನಾನು ಸೋಮವಾರ ಕೊಟ್ಟದ್ದು. ಶುಕ್ರವಾರ ಅಮಾವಾಸ್ಯೆ ಇತ್ತು.”

ಅಕ್ಕ ಹಣ್ಣಿನ ರಸಕ್ಕೆ ಕೆಂಪಾಗಿದ್ದ ನನ್ನ ಕೈಗಳನ್ನು ನೋಡಿದರು. “ನನ್ನತ್ರ ಹೇಳಿದ್ರೆ ನಾನೇ ಹೋಗ್ತಿದ್ದೆ,” ಎಂದರು. ಮತ್ತೆ ಮೆಲ್ಲಗೆ, “ನೀರಿಗೆ ಅಮಾವಾಸ್ಯೆ ಉಂಟಾ?”

ಇಲ್ಲ. ದೇವರು ಶುಕ್ರವಾರವೂ ಅಲ್ಲೇ ಇದ್ದ. ತಿಥಿಯ ಹೆಸರು ಹೇಳಿ ಹೊರಡದೆ ಕೂತವಳು ನಾನು.

“ಸೀಲ್ ಹಾಕಿದ ಕಾಗದ ಉಂಟಾ?”

ದೇವರ ಫೋಟೋದ ಹಿಂದೆ ಇಟ್ಟಿದ್ದೆ. ತಂದುಕೊಟ್ಟೆ. ಒಣಗಿದ ಎಸಳೊಂದು ಅದಕ್ಕೆ ಅಂಟಿಕೊಂಡೇ ಇತ್ತು. ಅಕ್ಕ ಅದನ್ನು ಬಿಸಾಡದೆ ತುರುಬಿಗೆ ಸಿಕ್ಕಿಸಿಕೊಂಡರು.

“ಮಂಗಳೂರಿಗೆ ಅಪೀಲು ಕೊಡ್ಲಿಕ್ಕೆ ಆಗ್ತದಂತೆ. ತಡ ಆದದ್ದಕ್ಕೆ ಕಾರಣ ಬರೀಬೇಕಂತೆ. ಎಂತ ಬರಿಯುದು?”

“ನನ್ನ ತಪ್ಪು ಅಂತ ಬರೆಸಿ. ನಾಳೆ ನಾನೂ ಬರ್ತೇನೆ.”

“ಬೇಡ. ಈ ಸಲ ನಾನೇ ಹೋಗ್ತೇನೆ.”

ದನಿ ಏರಿಸಿ ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನಾನು ಕಲಸಿ ಕೊಟ್ಟ ಪುನರ್ಪುಳಿ ಶರಬತ್ತನ್ನು ಬೇಡ ಎನ್ನದೆ ಕುಡಿದರು. ಲೋಟವನ್ನು ತಾವೇ ತೊಳೆದು ಕವುಚಿಟ್ಟು, ಬಂದ ದಾರಿಯಲ್ಲೇ ಹತ್ತಿ ಹೋದರು. ಕುಡಿದರಲ್ಲ, ಅಷ್ಟಾದರೂ ಉಳಿಯಿತು ಎಂದು ಎಣಿಸಿಕೊಂಡೆ. ಅಪೀಲು ಏನಾಗುತ್ತದೋ ಇನ್ನೂ ಗೊತ್ತಿಲ್ಲ.

ಒಳಗೆ ಅನ್ನ ಸ್ವಲ್ಪ ಹೆಚ್ಚೇ ಬೆಂದಿತ್ತು. ಕೈ ತೊಳೆದು ಗಂಜಿ ಬಸಿಯಲು ಹೋದೆ.