ಕೊಡೆರಾಯನ ಕೊನೆಯ ನಾಲ್ಕು ಪುಟ

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಹಳೆಯ ಪುಸ್ತಕ ಮಾರುವವನೊಬ್ಬನಿದ್ದಾನೆ. ಕಳೆದ ರವಿವಾರ ಅವನ ರಾಶಿಯಿಂದ ಒಂದು ವಾಸನೆ ಎದ್ದು ಬಂತು: ಅಗ್ಗದ ಕಾಗದ, ಬಣ್ಣದ ಮಸಿ, ಸ್ವಲ್ಪ ಗೆದ್ದಲಿನ ಮಣ್ಣು. ಬಗ್ಗಿ ನೋಡಿದರೆ ನನ್ನ ಚಿಕ್ಕಂದಿನ ಚಿತ್ರಕಥೆಯ ಕೊಡೆರಾಯ! ಅದೇ ಗಿರಿಜಾ ಮೀಸೆ, ಅದೇ ಕಪ್ಪು ಕೊಡೆ, ಒಂದೇ ಕಾಲಿಗೆ ಚಪ್ಪಲಿ. ಪುಟ ಎಣಿಸಿದೆ. ಮೂವತ್ತೆರಡು. ಪೂರ್ತಿ ಇತ್ತು. ನನ್ನ ಬಾಯಿಂದ ಕೂಗೊಂದು ಹೊರಟಿತು. ಐವತ್ತೆರಡರ ಹೆಂಗಸಿಗೆ ಮಕ್ಕಳ ಚಿತ್ರಕಥೆ ಕಂಡು ಹಾಗಾಗಬಾರದು, ನಿಜ. ಆದರೆ ಆಗಲಿಲ್ಲ ಎಂದು ಬರೆಯಲಾರೆ.

ಕೋರ್ಟಿನಲ್ಲಿ ಸಾಕ್ಷಿಗಳು ಹೇಳಿದ್ದನ್ನು ಹೇಳಿದಂತೆ ಟೈಪು ಮಾಡುವುದು ನನ್ನ ನೌಕರಿ. ಸಾಕ್ಷಿ ಕೆಮ್ಮಿದರೆ ಇವಳು ಅದನ್ನೂ ಟೈಪು ಮಾಡುತ್ತಾಳೆ ಎಂದು ವಕೀಲರು ನಗುತ್ತಾರೆ. ಒಮ್ಮೆ ಮಾತ್ರ ಮಾಡಿದ್ದೇನೆ.

ನಾನು ಬೆಳೆದದ್ದು ಸುರಪುರದಲ್ಲಿ. ನಮ್ಮ ಓಣಿಯ ಟೇಲರ್ ಚಾಂದಸಾಬರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಬಟ್ಟೆಗಾಗಿ ಕಾಯುವವರಿಗೆ ಬೇಸರವಾಗದಿರಲೆಂದು ಅವರು ಅಂಗಡಿಯಲ್ಲಿ ಹಗ್ಗ ಕಟ್ಟಿ ಚಿತ್ರಕಥೆಯ ಪುಸ್ತಕಗಳನ್ನು ನೇತುಹಾಕಿದ್ದರು. ನಾನೂ ಅವರ ಮಗಳು ರಜಿಯಾಳೂ ಏನೂ ಹೊಲಿಸದೆ ದಿನವಿಡೀ ಕಾಯುತ್ತಿದ್ದೆವು. ಟೇಲರುಗಳು ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಾಗದದಲ್ಲಿ ಅಳತೆ ಕತ್ತರಿಸಿಕೊಳ್ಳುವುದನ್ನು ನೀವು ನೋಡಿರಬಹುದು. ಒಂದು ರಂಜಾನಿನ ಗಡಿಬಿಡಿಯಲ್ಲಿ ರದ್ದಿ ಪೇಪರು ಮುಗಿದಿತ್ತು. ಚಾಚಾ ಕೈಗೆ ಸಿಕ್ಕ ಎರಡು ಹಾಳೆ ಕಿತ್ತು ಒಂದನ್ನು ತೋಳಿಗೆ, ಇನ್ನೊಂದನ್ನು ಕೊರಳಿಗೆ ಕತ್ತರಿಸಿದರು. ಕೊಡೆರಾಯನ ಕೊನೆಯ ನಾಲ್ಕು ಪುಟ ಹೋದದ್ದು ಹೀಗೆ. ಅವನು ಮುರಿದ ಸೇತುವೆಯ ತುದಿಯಲ್ಲಿ ನಿಂತಿದ್ದ. ಕೆಳಗೆ ಹೊಳೆ, ಹಿಂದೆ ಹನ್ನೆರಡು ಕಳ್ಳರು. ಮುಂದೆ ರಟ್ಟು.

ನಾನು ಚೂರುಗಳನ್ನು ಆಯ್ದು ಗಂಜಿಯಲ್ಲಿ ಶಾಲೆಯ ಪಾಟಿಯ ಮೇಲೆ ಅಂಟಿಸಿದೆ. ಅರ್ಧ ಮೀಸೆಯೂ 'ಆದರೆ' ಎಂಬ ಒಂದು ಪದವೂ ಸಿಕ್ಕವು. ರಜಿಯಾ ಅಷ್ಟು ಹೊತ್ತಿಗೆ ಕಥೆಯನ್ನು ತಾನೇ ಮುಂದುವರಿಸಿ, ಅವನಿಂದ ಕೊಡೆ ಬಿಚ್ಚಿಸಿ, ಅವನನ್ನು ಆಚೆ ದಡಕ್ಕೆ ಹಾರಿಸಿ, ಉಪ್ಪಿಟ್ಟು ತಿನ್ನಿಸುತ್ತಿದ್ದಳು. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿದರೆ ಸುಳ್ಳು ಎಂದು ನಾನು ಕೂಗಾಡಿದೆ.

"ಹಂಗಾರ ಅವ ಅಲ್ಲೇ ನಿಂತಿರ್ಬೇಕೇನು?" ಎಂದಳು. "ಕಾಲ್ ನೋಯ್ತಾವ ಅವಂಗ."

ಹಳೆಯ ಚಿತ್ರಕಥೆಗಳನ್ನು ಇದ್ದಂತೆಯೇ ತೋರಿಸಬೇಕೋ, ಹೊಸ ಕಥೆ ಕಟ್ಟಬೇಕೋ ಎಂದು ಈಗ ದೊಡ್ಡವರೂ ಜಗಳವಾಡುತ್ತಾರೆ. ನಾವು ನಲವತ್ತು ವರ್ಷ ಮೊದಲೇ ಶುರು ಮಾಡಿದ್ದೆವು.

ರಜಿಯಾ ನಿಲ್ಲಿಸಲೇ ಇಲ್ಲ. ಚಾಚಾನ ಕಣ್ಣು ಹೋದ ಮೇಲೆ ದಿನಾ ಊಟವಾದ ಕೂಡಲೇ ಅವರಿಗೊಂದು ಹೊಸ ಕೊಡೆರಾಯ ಬೇಕು. ಅವನು ಶಿರವಾಳದ ಗುಡಿಗಳಲ್ಲಿ ಕಳ್ಳರನ್ನು ಹುಡುಕಿದ್ದಾನೆ, ಕಡೇಚೂರಿನ ಕಾರ್ಖಾನೆಯ ಹೊಗೆಯನ್ನು ಕೊಡೆಯಲ್ಲಿ ತುಂಬಿಕೊಂಡು ಓಡಿದ್ದಾನೆ. ಆ ಕಥೆಗೆ ಚಾಚಾ ನಗುವುದು ಮೂರು ಮನೆಗೆ ಕೇಳುತ್ತದೆ.

ಆ ರವಿವಾರ ಪುಸ್ತಕ ಕೊಂಡು, ಬಸ್ಸಿನಲ್ಲಿ ಕೊನೆಯ ಪುಟ ಓದಿದೆ. ಕೊಡೆರಾಯ ಹಾರುತ್ತಾನೆ, ಮುಳುಗುತ್ತಾನೆ. ನೀರಿನ ಮೇಲೆ ಬಿಚ್ಚಿದ ಕೊಡೆಯೊಂದೇ. ಕೆಳಗೆ 'ಮುಗಿಯಿತು'.

ಓದಿ ಹೇಳಿದರೆ ಚಾಚಾನ ನಗು ಅಲ್ಲಿಗೇ ನಿಲ್ಲಬಹುದು. ಮುಚ್ಚಿಟ್ಟರೆ ನಾನು ನಾನಲ್ಲ. ನನ್ನ ಮನೆಯಿರುವ ಶಹಾಪುರ ಬಂತು. ಇಳಿಯಲಿಲ್ಲ, ಸುರಪುರದವರೆಗೂ ಹೋದೆ.

"ಬಂದ್ಳು ನೋಡು ಕೋರ್ಟಿನವ್ವ," ಎಂದು ರಜಿಯಾ ಬಾಗಿಲು ತೆರೆದಳು. ಪುಸ್ತಕ ಕಂಡು, ಕೊನೆಯ ಪುಟ ತಿರುವಿ, ನನ್ನ ಕೈ ಹಿಡಿದು ಬೇಡ ಎಂದು ತಲೆಯಾಡಿಸಿದಳು. ಆದರೆ ಚಾಚಾನ ಬಾಳೆಲ್ಲ ಕಾಗದ ಬಟ್ಟೆಗಳ ಸಪ್ಪಳದಲ್ಲೇ ಕಳೆದಿದೆ. ಅದು ಯಾವ ಹಾಳೆ ಎಂದು ಹಾಸಿಗೆಯಿಂದಲೇ ಕೇಳಿದರು. ಹೇಳಿದೆ.

"ಓದು ಬೇಟಿ," ಎಂದರು. "ಕತ್ರಿ ಆಡ್ಸಿದಾಂವ ನಾ. ಏನ್ ಕತ್ತರಿಸೀನಿ ಅಂತ ತಿಳೀದಽ ಹೋಗ್ಬಾರ್ದು."

ಒಂದು ಅಕ್ಷರ ಬಿಡದೆ ಓದಿದೆ. 'ಮುಗಿಯಿತು' ಎಂಬುದನ್ನೂ. ರಜಿಯಾ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಚಾಚಾನ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾನು ಗಾಬರಿಯಿಂದ ಎದ್ದೆ. ನಗುತ್ತಿದ್ದರು.

"ಕತ್ತರ್ಸಿದ್ದು ಛಲೋನೇ ಆತಲ್ಲ. ಇಲ್ಲಂದ್ರ ಇಷ್ಟು ವರ್ಸ ಇಕಿಗಿ ಏನ್ ಕೆಲ್ಸ ಇರ್ತಿತ್ತು?" ಎಂದವರು ಮಗಳತ್ತ ಮುಖ ಮಾಡಿದರು. "ಹೂಂ. ಮುಂದ?"

ರಜಿಯಾ ಸೆರಗಿನ ತುದಿ ತಿರುವತೊಡಗಿದಳು. ಅವಳ ಕೊಡೆರಾಯ ಒಮ್ಮೆಯೂ ಸತ್ತವನಲ್ಲ. ಸತ್ತವನನ್ನು ಎಬ್ಬಿಸುವುದು ಅವಳಿಗೆ ಗೊತ್ತಿರಲಿಲ್ಲ. ಚಾಚಾ ಕಾಯುತ್ತಿದ್ದರು. ಅವಳು ನನ್ನನ್ನು ನೋಡಿದಳು. ನಾನು ಬೇರೆ ದಾರಿ ಕಾಣದೆ ಚಿತ್ರವನ್ನೇ ನೋಡಿದೆ, ಸಾಕ್ಷಿಯನ್ನು ನೋಡುವ ಹಾಗೆ, ನಿಧಾನವಾಗಿ.

"ಚಾಚಾ, ಛತ್ರಿ ನೀರಿನ ಮ್ಯಾಲ ಐತ್ರಿ. ಹಿಡಿಕಿ ಮಾತ್ರ ನೀರಾಗ ಐತಿ, ಕಾಣವಲ್ದು."

"ಹಂಗಾರ?"

ನೋಡದೆ ಇದ್ದದ್ದನ್ನು ನಾನು ಎಂದೂ ಹೇಳಿದವಳಲ್ಲ.

"ಯಾರೋ ಅದನ್ನ ಗಟ್ಟಿ ಹಿಡ್ಕೊಂಡಾರ್ರಿ," ಎಂದೆ.

ರಜಿಯಾ ಕಿಸಕ್ಕನೆ ನಕ್ಕಳು. ಆಮೇಲೆ ಏನಾಯಿತೋ, ನನ್ನ ಬಾಯಿ ನಿಲ್ಲಲಿಲ್ಲ. ಕೊಡೆರಾಯ ತೇಲಿದ, ಒಂದು ಮೀನಿನ ಜೊತೆ ಜಗಳವಾಡಿದ, ಸೋತ. ಶಹಾಪುರದ ಎರಡು ಬಸ್ಸು ಹೋದವು. ಮೂರನೆಯದಕ್ಕೆ ಎದ್ದೆನೆಂದು ತಿಳಿಯಬೇಡಿ. ಅವನಿನ್ನೂ ದಡದಲ್ಲಿ ಕುಳಿತು ಅಂಗಿ ಹಿಂಡಿಕೊಳ್ಳುತ್ತಿದ್ದ.